ದೊಡ್ಡಮ್ಮನ ಪಾಲಿಗೆ ಬಂದ ಸಾವು

ಕಾರು ಕೈಕೊಡಬಹುದಿತ್ತು. ಟಿನ್ ಫ್ಯಾಕ್ಟರಿಯ ಹತ್ತಿರ ರಸ್ತೆಯನ್ನು ಮತ್ತೆ ತಿರುಗಿಸಿಟ್ಟಿದ್ದು, ನಾವು ಕೆ.ಆರ್. ಪುರಕ್ಕೆ ಹೋಗುವ ಬದಲು ಹೆಬ್ಬಾಳದ ಕಡೆ ಹೊರಟುಬಿಡಬಹುದಿತ್ತು. ದೊಡ್ಡಮ್ಮ ಬಿ.ಪಿ. ಮಾತ್ರೆ ಮರೆಯಬಹುದಿತ್ತು; ಅಥವಾ ಮರೆತೆನೆಂದುಕೊಂಡು ಎರಡು ಸಲ ನುಂಗಬಹುದಿತ್ತು. ಶೂಟಿಂಗ್ ಮನೆಯ ನೆಲದ ತುಂಬ ಹಾವಿನ ಮರಿಗಳಂತೆ ಬಿದ್ದಿರುವ ವೈರುಗಳಲ್ಲಿ ಒಂದು ಅವಳ ಕಾಲಿಗೆ ತೊಡರಿ, ಹೋದ ವರ್ಷವಷ್ಟೇ ಹೊಸದಾಗಿ ಕೂರಿಸಿದ್ದ ಸೊಂಟದ ಕೀಲು ಕಳಚಬಹುದಿತ್ತು. ಸೊಸೆಯ ಪಾತ್ರದ ಹುಡುಗಿ ಅಳುವ ಭರದಲ್ಲಿ ಅವಳ ಎದೆಯ ಮೇಲೆ ಬಿದ್ದು ಪಕ್ಕೆಲುಬು ಮುರಿಯಬಹುದಿತ್ತು. ಮಾತು ಮರೆತುಹೋಗಬಹುದಿತ್ತು. ಮರೆಯದೆ, ಬರೆದುಕೊಟ್ಟ ಮಾತು ಚೆನ್ನಾಗಿಲ್ಲವೆಂದು ದೊಡ್ಡಮ್ಮ ತಾನೇ ಬೇರೆ ಹೇಳಿ, ಬರೆದವನು ಮುನಿಸಿಕೊಳ್ಳಬಹುದಿತ್ತು. ಇವೆಲ್ಲದರ ನಡುವೆ, ಯಾರಿಗೂ ನಾನು ಬಾಯಿಬಿಟ್ಟು ಹೇಳಿರದ ಇನ್ನೊಂದು ಚಿಂತೆ: ಎಂಬತ್ತು ದಾಟಿದ ಮುದುಕಿ ಸತ್ತಂತೆ ನಟಿಸುತ್ತ ನಟಿಸುತ್ತ ನಿಜಕ್ಕೂ ಹೋಗಿಬಿಡಬಹುದಿತ್ತು. ಅದು ಯಾರಿಗೂ ತಿಳಿಯದೆ ಎಲ್ಲರೂ ಚಪ್ಪಾಳೆ ತಟ್ಟಬಹುದಿತ್ತು.

ಇದ್ಯಾವುದೂ ಆಗಲಿಲ್ಲ. ಎಡವಟ್ಟಾದದ್ದು ಒಂದೇ, ಅದೂ ಚಿಕ್ಕದು. ಅದಕ್ಕೆ ಕೊನೆಗೆ ಬರುತ್ತೇನೆ. 'ನೀವು ಯಾವ್ದನ್ನೂ ನೇರ ಹೇಳೋರಲ್ಲ ಬಿಡಿ, ಮೊದ್ಲು ಆಗದೇ ಇರೋದನ್ನೆಲ್ಲ ಹೇಳಿ ಮುಗಿಸ್ಬೇಕು ನಿಮಗೆ' ಎಂದು ನನ್ನ ಹೆಂಡತಿ ಆಗಾಗ ಅನ್ನುವುದುಂಟು. ನನ್ನದು ವಿಮಾ ಕಚೇರಿಯ ಕೆಲಸ. ಆಗದೇ ಇರುವುದರ ಮೇಲೆಯೇ ನಮ್ಮ ಅನ್ನ.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಇಬ್ಬರೂ ಹಲಸೂರಿನ ಒಂದೇ ವಠಾರದಲ್ಲಿ ಹುಟ್ಟಿ ಬೆಳೆದವರು. ಅಮ್ಮ ವಿಮಾನ ಕಾರ್ಖಾನೆಯ ನೌಕರನನ್ನು ಮದುವೆಯಾಗಿ ವಿಮಾನಪುರದ ಕ್ವಾರ್ಟರ್ಸಿಗೆ ಹೋದಳು. ಕಾರ್ಖಾನೆಯ ಸೈರನ್ನು ಕೂಗಿದಾಗ ಏಳುತ್ತ, ಕೂಗಿದಾಗ ಒಲೆ ಹಚ್ಚುತ್ತ ಬಾಳಿದಳು. ದೊಡ್ಡಮ್ಮ ದಂಡು ಸ್ಟೇಷನ್ನಿನಲ್ಲಿ ಮದರಾಸಿನ ರೈಲು ಹತ್ತಿದಳು. ಆಗ ಕನ್ನಡ ಪಿಕ್ಚರುಗಳೂ ಅಲ್ಲಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದವು. ಅರಮನೆ, ಗುಡಿಸಲು, ಹೊಳೆದಂಡೆ ಎಲ್ಲ ಒಂದೇ ಸೂರಿನಡಿ. 'ನಾನು ಮೊದಲ್ನೇ ಸಲ ನೋಡಿದ ಕಾಡು ಪ್ಲೈವುಡ್ದು ಕಣೋ. ಆಮೇಲೆ ನಿಜವಾದ ಕಾಡು ನೋಡಿದಾಗ, ಇದೇನು ಲೈಟಿಂಗೇ ಸರಿ ಇಲ್ವಲ್ಲ ಅನ್ನಿಸ್ತು' ಎನ್ನುತ್ತಾಳೆ.

ಅವಳು ನಾಯಕಿಯಾಗಲಿಲ್ಲ. ನಾಯಕನ ತಂಗಿಯಾದಳು. ಒಂದೆರಡು ಪಿಕ್ಚರಿನಲ್ಲಿ ನಾಯಕಿಯ ಗೆಳತಿ, ಆಮೇಲೆ ಅತ್ತಿಗೆ, ಆಮೇಲೆ ತನಗಿಂತ ದೊಡ್ಡವರಾದ ಗಂಡಸರಿಗೆ ತಾಯಿ. ಗ್ಲಿಸರಿನ್ ಬೇಡದೆ ಅಳುವ ಹುಡುಗಿ ಎಂದು ಸ್ಟುಡಿಯೋ ತುಂಬ ಹೆಸರಾಯಿತು. ಆ ಹೆಸರೇ ಅವಳಿಗೆ ಕುತ್ತಾಯಿತು. ಯಾವ ಪಿಕ್ಚರಿನಲ್ಲಿ ಯಾರು ಸಾಯಲಿ, ಅವರ ಕಾಲ ಬುಡದಲ್ಲಿ ಕೂತು ಅಳುವುದಕ್ಕೆ ದೊಡ್ಡಮ್ಮನನ್ನೇ ಕರೆಸುತ್ತಿದ್ದರು. ಅವಳಿಗೆ ಮಾತ್ರ ಒಂದೇ ಒಂದು ಸಾವನ್ನೂ ಯಾರೂ ಕೊಡಲಿಲ್ಲ. ಸಾಯುವ ದೃಶ್ಯವೆಂದರೆ ಆಗ ದೊಡ್ಡ ಕಲಾವಿದರ ಹಕ್ಕು. ಅದಕ್ಕೆ ಬೇರೆ ಲೈಟಿಂಗು, ಬೇರೆ ಲೆನ್ಸು, ತಲೆಯ ಹತ್ತಿರ ಕ್ಯಾಮೆರಾ. 'ಸಾಯೋಕೂ ಸೀನಿಯಾರಿಟಿ ಬೇಕಿತ್ತು' ಎಂದು ಅವಳು ಹೇಳುವಾಗ ನಾವೆಲ್ಲ ನಗುತ್ತಿದ್ದೆವು. ಅವಳೂ ನಗುತ್ತಿದ್ದಳು. ಅದು ತಮಾಷೆಯಲ್ಲವೆಂದು ನನಗೆ ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ಒಂದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅಮ್ಮ ನನ್ನನ್ನು ಮದರಾಸಿಗೆ ಕರೆದುಕೊಂಡು ಹೋಗಿದ್ದಳು. ಒಂದು ದಿನ ಸ್ಟುಡಿಯೋದ ಫ್ಲೋರಿನ ಮೂಲೆಯಲ್ಲಿ ನಮ್ಮನ್ನು ಕೂರಿಸಿದರು. ಮಂಚದ ಮೇಲೆ ಯಾರೋ ತಾಯಿ ಸಾಯುತ್ತಿದ್ದರು. ದೊಡ್ಡಮ್ಮ ಅವರ ಕಾಲು ಹಿಡಿದು ಅಳುತ್ತಿದ್ದಳು. ನಾನೂ ಅತ್ತೆ. ತಾಯಿಯ ತಲೆ ವಾಲಿತು. ಆಗ ಕತ್ತಲೆಯಿಂದ ಡೈರೆಕ್ಟರು, 'ಅಮ್ಮಾ, ನಗಿ' ಎಂದರು. ಸತ್ತವರು ಕಣ್ಣು ತೆರೆದು, ಕ್ಯಾಮೆರಾ ಕಡೆ ತಿರುಗಿ, ಹಲ್ಲು ಬಿಟ್ಟು ನಕ್ಕರು. ಸಾವಿಗಿಂತ ಆ ನಗುವಿಗೆ ನಾನು ಹೆದರಿ ಕಿರುಚಿದೆನಂತೆ.

ಅದು ಅಲ್ಲಿನ ಪದ್ಧತಿ ಎಂದು ಆಮೇಲೆ ದೊಡ್ಡಮ್ಮ ತಿಳಿಸಿ ಹೇಳಿದಳು. ಸತ್ತ ಪಾತ್ರ ಮಾಡಿದವರು ಶಾಟ್ ಮುಗಿದ ಕೂಡಲೇ ಕ್ಯಾಮೆರಾ ನೋಡಿ ನಗಬೇಕು. ಕ್ಯಾಮೆರಾ ಓಡುತ್ತಿರುವಾಗಲೇ ನಗಬೇಕು, ಸಾವಿನ ಜೊತೆಗೇ ನಗುವೂ ಫಿಲ್ಮಿನ ಮೇಲೆ ಬೀಳಬೇಕು. ಆ ತುಂಡನ್ನು ಎಡಿಟಿಂಗಿನಲ್ಲಿ ಕತ್ತರಿಸಿ ಎಸೆಯುತ್ತಾರೆ. ನಗದೆ ಎದ್ದು ಹೋದರೆ ಅಪಶಕುನ. ಹಾಗೆ ನಗದೆ ಹೋದ ಒಬ್ಬರ ಕಥೆಯನ್ನೂ ಹೇಳಿದಳು. ಮನೆಗೆ ಹೋಗಿ, ಊಟಕ್ಕೆ ಎಲೆ ಹಾಕಿಸಿಕೊಂಡು, ಎಲೆಯ ಮುಂದೆಯೇ ಹೋಗಿಬಿಟ್ಟರಂತೆ. ಅವಳು ಅದನ್ನು ಮರೆತಿರಬಹುದು. ನಾನು ಇವತ್ತಿಗೂ ಎಲೆಯ ಮುಂದೆ ಕೂತಾಗ ಒಂದು ಕ್ಷಣ ನೆನೆಯುತ್ತೇನೆ.

ಬಣ್ಣದ ಚಿತ್ರ ಬಂತು, ಔಟ್‌ಡೋರ್ ಬಂತು, ಸ್ಟುಡಿಯೋಗಳು ಒಂದೊಂದಾಗಿ ಕಲ್ಯಾಣಮಂಟಪಗಳಾದವು. ದೊಡ್ಡಪ್ಪ ಅಲ್ಲೇ ಸೌಂಡ್ ರೆಕಾರ್ಡಿಂಗ್ ಮಾಡುತ್ತಿದ್ದವರು. ಬೇರೆಯವರ ಮಾತು ಕೇಳಿ ಕೇಳಿ ಸ್ವಂತ ಮಾತು ಮರೆತಂತಿದ್ದವರು. ಅವರು ತೀರಿಕೊಂಡ ಮೇಲೆ, ಮಕ್ಕಳಿಲ್ಲದ ದೊಡ್ಡಮ್ಮ ಮರಳಿ ಬಂದು ರಿಚರ್ಡ್ಸ್ ಟೌನಿನ ಹಳೆಯ ಮನೆಯೊಂದರ ಅರ್ಧ ಭಾಗದಲ್ಲಿ ನೆಲೆಸಿದಳು. ಕೆಲವು ವರ್ಷ ಫೋನೇ ಬರಲಿಲ್ಲ. ನಾನು ಹೋದಾಗಲೆಲ್ಲ ಫೋನಿನ ರಿಸೀವರ್ ಎತ್ತಿ, ಸದ್ದು ಬರುತ್ತಿದೆಯೇ ಎಂದು ನೋಡಿ ಇಡುತ್ತಿದ್ದಳು.

ಆಮೇಲೆ ಟಿವಿ. ಹಳೆಯ ನೆನಪುಗಳ ಬಗ್ಗೆ ಮಾತನಾಡಲು ಒಂದು ಚಾನೆಲ್ಲಿನವರು ಬೆಳಗಿನ ಕಾರ್ಯಕ್ರಮಕ್ಕೆ ಕರೆದಿದ್ದರು. ವೀಕ್ಷಕರು ಫೋನ್ ಮಾಡಬಹುದಿತ್ತು. ಫೋನ್ ಮಾಡಿದ ಒಬ್ಬಳು, ನಿಮ್ಮ ಪಿಕ್ಚರು ಬಹಳ ಇಷ್ಟ ಎಂದವಳು, ಮಾತು ಮುಂದುವರಿಸಲಾಗದೆ, ಗಂಡ ಮಾತೇ ಆಡುವುದಿಲ್ಲವೆಂದು ಅಳತೊಡಗಿದಳು. ದೊಡ್ಡಮ್ಮ ಕ್ಯಾಮೆರಾ ಮರೆತು, 'ಅಳೋದು ನಿಲ್ಸು ಮೊದ್ಲು. ಇಪ್ಪತ್ತು ವರ್ಷ ಅತ್ತಿದೀನಿ ನಾನು, ಒಬ್ಬರೂ ತಿರುಗಿ ನೋಡ್ಲಿಲ್ಲ. ನೀನು ಮಾತಾಡು, ಅವನು ಉತ್ತರ ಕೊಡೋ ತನಕ ಒಗ್ಗರಣೆ ಹಾಕ್ಬೇಡ' ಎಂದಳು. ಮುಂದಿನ ತಿಂಗಳಿಂದ ಅವಳದೇ ಕಾರ್ಯಕ್ರಮ ಶುರುವಾಯಿತು. ಸಿನಿಮಾದಲ್ಲಿ ಅಳುತ್ತಿದ್ದವಳು ಟಿವಿಯಲ್ಲಿ ಬೈಯುತ್ತ ಮನೆಮಾತಾದಳು. ಶಿವಾಜಿನಗರದ ಮಾರ್ಕೆಟ್ಟಿಗೆ ನಾನು ಅವಳ ಹಿಂದೆ ಚೀಲ ಹಿಡಿದು ಹೋದರೆ ಹಣ್ಣಿನವನು, 'ಏನಮ್ಮಾ, ನಮ್ಮನೆಯವಳನ್ನ ಕೆಡಿಸಿಬಿಟ್ರಲ್ಲ. ಈಗ ಜೋರಾಗಿ ಮಾತಾಡಿದ್ರೆ ಸಾಕು, ಟಿವಿ ಅಮ್ಮಂಗೆ ಫೋನ್ ಹಾಕ್ತೀನಿ ಅಂತಾಳೆ' ಎನ್ನುತ್ತಿದ್ದ.

'ಹಾಕ್ಲಿ ಬಿಡು. ಸೀಬೆಹಣ್ಣು ಗಟ್ಟಿ ಇರೋದು ಕೊಡು.'

'ನಮ್ಮನೆಯವಳ ಥರಾನೇ ಮಾತಾಡ್ತೀರಿ.'

ಅವಳ ಒಂದು ಪಿಕ್ಚರಿನ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅವಳು ಅದನ್ನು ಒಂದು ಸಲವಾದರೂ ಹೇಳುತ್ತಿದ್ದಳು.

ಆ ಕಾರ್ಯಕ್ರಮವೂ ಹಳತಾಗಿ ನಿಂತ ಮೇಲೆ ಧಾರಾವಾಹಿಯ ಅಜ್ಜಿಯಾದಳು. ಕೆ.ಆರ್. ಪುರದ ಆಚೆ ಬಾಡಿಗೆಗೆ ಹಿಡಿದ ದೊಡ್ಡ ಮನೆಯೊಂದರಲ್ಲಿ ಶೂಟಿಂಗ್. ಅವಳ ಕೆಲಸ ಕುರ್ಚಿಯಲ್ಲಿ ಕೂತು, ಯಾರಾದರೂ ಕೆಟ್ಟ ಮಾತಾಡಿದಾಗ ಕಣ್ಣು ಮುಚ್ಚುವುದು. ಅವಳ ಡೇಟ್ಸ್ ನೋಡಿಕೊಳ್ಳುವುದು, ಕರೆದುಕೊಂಡು ಹೋಗಿ ಬರುವುದು, ಜೊತೆಗೆ ಬಿಸಿನೀರಿನ ಫ್ಲಾಸ್ಕು ಹಿಡಿದು ಚಿಂತೆ ಮಾಡುವುದು ನನ್ನ ಕೆಲಸ. ಹೊಸ ತಿಪ್ಪಸಂದ್ರದ ನಮ್ಮ ಮನೆಯಿಂದ ರಿಚರ್ಡ್ಸ್ ಟೌನ್, ಅಲ್ಲಿಂದ ಕೆ.ಆರ್. ಪುರ. ನಾನು ಕಚೇರಿಗೆ ಹಾಕಿದ ರಜೆಗಳೆಲ್ಲ ಈ ರಸ್ತೆಯಲ್ಲೇ ಕರಗಿಹೋಗಿವೆ.

ಒಂದು ಸಂಜೆ ಡೈರೆಕ್ಟರು ನನಗೆ ಫೋನ್ ಮಾಡಿದರು. ನನ್ನ ಮಗನ ವಯಸ್ಸಿನವರು, ಸಾಧು ಮನುಷ್ಯ.

'ಸರ್, ಹೇಗ್ ಹೇಳೋದೋ ಗೊತ್ತಾಗ್ತಿಲ್ಲ. ಕಥೆಯಲ್ಲಿ ಆಸ್ತಿ ಪಾಲಾಗ್ಬೇಕು. ಅಜ್ಜಿ ಇದ್ರೆ ಪಾಲಾಗಲ್ಲ.'

'ಅಂದ್ರೆ?'

'ಅಜ್ಜಿ ಹೋಗ್ಬೇಕು ಸರ್. ಅಮ್ಮನ ವಯಸ್ಸು ನೋಡಿದ್ರೆ ಸಾಯೋ ಸೀನ್ ಮಾಡಿ ಅನ್ನೋಕೆ ಬಾಯಿ ಬರ್ತಿಲ್ಲ. ಬೇಡ ಅಂದ್ರೆ, ಕಾಶೀಗೆ ಹೋದ್ರು ಅಂತ ಮಾಡ್ತೀವಿ.'

ಹೇಗೆ ಹೇಳುವುದೆಂದು ನಾನು ಎರಡು ದಿನ ನಿದ್ದೆಗೆಟ್ಟೆ. ಹಲಸೂರು ಕೆರೆಯ ಬಳಿ ಸಿಗ್ನಲ್ಲಿನಲ್ಲಿ ನಿಂತಾಗ ನನಗೆ ನಾನೇ ಹೇಳಿಕೊಂಡು ನೋಡಿದೆ. ಪಕ್ಕದ ಆಟೋದವನು ಗಾಬರಿಯಿಂದ ನೋಡಿದ. ಕೊನೆಗೆ ರಿಚರ್ಡ್ಸ್ ಟೌನಿಗೆ ಹೋಗಿ, ಕಾಫಿ ಕುಡಿದು, ಹವಾಮಾನದ ವಿಷಯವೆಲ್ಲ ಮುಗಿಸಿ, 'ದೊಡ್ಡಮ್ಮ, ಧಾರಾವಾಹಿಯಲ್ಲಿ ನಿನ್ನನ್ನ...' ಎಂದೆ.

'ಸಾಯಿಸ್ತಾರಂತಾ?' ಅವಳು ಲೋಟ ಕೆಳಗಿಟ್ಟಳು.

'ಬೇಡ ಅಂದ್ರೆ ಕಾಶೀಗೆ ಕಳಿಸ್ತಾರಂತೆ.'

'ಕಾಶಿ ಯಾಕೋ ಬೇಕು ನಂಗೆ? ಎಂಥಾ ಸಾವಂತೆ, ಅದನ್ನ ಹೇಳು.'

ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಅದುವರೆಗೆ ನೋಡಿರಲಿಲ್ಲ. ಮದುವೆ ಗೊತ್ತಾದವಳ ಹಾಗೆ ಸೀರೆಯ ಸೆರಗು ಸರಿಮಾಡಿಕೊಂಡಳು.

ಆಸ್ಪತ್ರೆಯಲ್ಲಿ, ಆಕ್ಸಿಜನ್ ಹಾಕಿಕೊಂಡು ಸಾಯುವುದೆಂದು ಬರೆದಿದ್ದರು. ಅವಳೇ ಡೈರೆಕ್ಟರಿಗೆ ಫೋನ್ ಮಾಡಿ, 'ಮಾಸ್ಕ್ ಹಾಕಿದ್ರೆ ಮುಖ ಎಲ್ಲಪ್ಪಾ ಕಾಣತ್ತೆ? ಮನೆ ಮಂಚ ಸಾಕು. ಹೂ ಕಟ್ತಾ ಇರ್ತೀನಿ. ಬೆರಳು ನಿಲ್ಲತ್ತೆ. ಮಾತು ಬೇಡ. ಒಂದೇ ಶಾಟ್, ಮಧ್ಯ ನಿಲ್ಲಿಸ್ಬಾರ್ದು' ಎಂದು ಕರಾರು ಮಾಡಿಸಿಕೊಂಡಳು. ನನಗೆ ಬೇರೆ ಗುಟ್ಟು ಹೇಳಿದಳು. 'ಎಷ್ಟು ಜನ ಸಾಯೋದನ್ನ ಕಾಲ ಹತ್ರ ಕೂತು ನೋಡಿದೀನಿ. ದೊಡ್ಡ ದೊಡ್ಡೋರು. ಎಲ್ಲ ಮುಖದಲ್ಲಿ ಸಾಯ್ತಿದ್ರು ಕಣೋ. ಕಾಲು ಹಾಗೇ ಬದುಕಿರ್ತಿತ್ತು. ಬೆರಳು ಬಿಗಿ ಹಿಡ್ಕೊಂಡಿರ್ತಿದ್ರು. ಕ್ಯಾಮೆರಾ ಅಲ್ಲಿಗೆ ಬರ್ತಿರ್ಲಿಲ್ಲ, ಬಚಾವಾದ್ರು. ನಾನು ಕಾಲಿಂದ ಸಾಯ್ತೀನಿ.'

ಅಂದಿನಿಂದ ಅಭ್ಯಾಸ ಶುರುವಾಯಿತು. ದೊಡ್ಡಮ್ಮನನ್ನು ನೋಡಿಕೊಳ್ಳುವ ಹೆಂಗಸು ಯಾದಗಿರಿ ಕಡೆಯವಳು, ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು, ದಿನಾ ರೈಲಿನಲ್ಲಿ ಬಂದು ಹೋಗುತ್ತಾಳೆ. ನಾನು ಕಚೇರಿಯಿಂದ ಮಧ್ಯಾಹ್ನ ಫೋನ್ ಮಾಡಿ, ಅಮ್ಮ ಏನು ಮಾಡುತ್ತಿದ್ದಾರೆ ಎಂದು ಕೇಳಿದರೆ, 'ಸಾಯಾಕತ್ಯಾರ್ರೀ ಸಾಹೇಬ್ರ. ಎದ್ದ ಮ್ಯಾಲ ಹೇಳ್ತೀನಿ' ಎಂದು ಇಟ್ಟುಬಿಡುತ್ತಿದ್ದಳು. ಅವಳು ಮತ್ತೆ ಫೋನ್ ಮಾಡುವ ತನಕ ನನ್ನ ಮುಂದಿದ್ದ ಕಾಗದದ ಒಂದಕ್ಷರವೂ ತಲೆಗೆ ಹತ್ತುತ್ತಿರಲಿಲ್ಲ. ಒಂದು ಸಲ ತಾಳಲಾರದೆ ಹೋಗಿ ನೋಡಿದೆ. ದೊಡ್ಡಮ್ಮ ಮಂಚದ ಮೇಲೆ ಕಾಲು ಚಾಚಿ ಒರಗಿದ್ದಳು. ಆ ಹೆಂಗಸು ಮಂಚದ ಬುಡದಲ್ಲಿ ಕೂತು ಪಾದಗಳನ್ನೇ ನೋಡುತ್ತಿದ್ದಳು.

'ಎಡಗಾಲು ಹೋತ್ರೀ ಅಮ್ಮೋರ. ಬಲಗಾಲು ಇನ್ನಾ ಐತಿ.'

'ಈಗ?'

'ಈಗ ಸಣ್ಣ ಬೆರಳು ಒಂದ ಉಳೀತ್ರಿ.'

ನನಗೆ ನೋಡಲಾಗಲಿಲ್ಲ. ಆ ಎಲೆಯ ಮುಂದೆ ಸತ್ತವರ ಕಥೆ ತಲೆಯಲ್ಲಿ ಸುತ್ತತೊಡಗಿತು. ಈಗಿನ ಹುಡುಗರಿಗೆ ಆ ನಗುವ ಪದ್ಧತಿ ಗೊತ್ತಿರುತ್ತದೆಯೇ? 'ದೊಡ್ಡಮ್ಮ, ಕೊನೆಗೆ ಕ್ಯಾಮೆರಾ ನೋಡಿ ನಗ್ತೀಯ ತಾನೆ?' ಎಂದೆ.

'ಅದೆಲ್ಲ ಈಗ ಯಾರು ಮಾಡ್ತಾರೆ, ಬಿಡೋ. ಇಷ್ಟು ಕಷ್ಟಪಟ್ಟು ಸತ್ತು, ಮೇಲೆ ಹಲ್ಲು ಬೇರೆ ಬಿಡ್ಲಾ?'

ಶೂಟಿಂಗಿನ ದಿನ ನಾನು ಡೈರೆಕ್ಟರನ್ನು ಮನೆಯ ಹಿತ್ತಲಿಗೆ ಕರೆದುಕೊಂಡು ಹೋಗಿ ವಿಷಯ ತಿಳಿಸಿದೆ. ಅವರಿಗೆ ಗೊತ್ತಿರಲಿಲ್ಲ, ಆದರೆ ನಗಲಿಲ್ಲ. 'ಆಯ್ತು ಸರ್, ಕಟ್ ಆದ್ಮೇಲೆ ನಗೋಕೆ ಹೇಳೋಣ' ಎಂದರು. ನನಗೆ ಸಮಾಧಾನವಾಗಲಿಲ್ಲ. ಕಟ್ ಎಂದ ಕೂಡಲೇ ಕ್ಯಾಮೆರಾ ನಿಲ್ಲುತ್ತದೆ. ಶೂಟಿಂಗ್ ಆಗಲೇ ತಡವಾಗಿತ್ತು, ಕಟ್ ಆದರೆ ಎಲ್ಲರೂ ಮುಂದಿನ ಸೀನಿಗೆ ಓಡುತ್ತಾರೆ. ಬರೀ ಗಾಳಿಗೆ ನಕ್ಕರೆ ಏನು ಬಂತು?

'ಒಂದು ಉಪಕಾರ ಮಾಡಿ. ಅವಳು ನಗೋ ತನಕ ಕಟ್ ಹೇಳ್ಬೇಡಿ.'

'ಖಂಡಿತ ಸರ್. ಅಮ್ಮ ನಗೋ ತನಕ ಕ್ಯಾಮೆರಾ ಓಡ್ತಾ ಇರತ್ತೆ.' ನನ್ನ ಭುಜ ತಟ್ಟಿ ಹೋದರು. ಬೆಳಗಿನಿಂದ ಮೊದಲ ಸಲ ನನಗೆ ಸರಿಯಾಗಿ ಉಸಿರು ಬಂತು. ನಾನು ಫ್ಲಾಸ್ಕಿನ ನೀರು ನಾನೇ ಕುಡಿದೆ.

ದೊಡ್ಡಮ್ಮ ಮಂಚದ ಮೇಲೆ ಕೂತಳು. ಮಡಿಲಲ್ಲಿ ಮಲ್ಲಿಗೆ ಮೊಗ್ಗು, ಬಾಳೆನಾರು. ಕ್ಯಾಮೆರಾ ಕಾಲ ಬುಡದಿಂದ ನಿಧಾನವಾಗಿ ಮುಖದ ಕಡೆ ಹೋಗುವಂತೆ ಅವಳೇ ಹೇಳಿ ಇಡಿಸಿದ್ದಳು. ಸೊಸೆಯ ಪಾತ್ರದ ಹುಡುಗಿ ಪಕ್ಕದಲ್ಲಿ ಬಟ್ಟೆ ಮಡಿಸುತ್ತ ಏನೋ ಹೇಳುತ್ತಿದ್ದಳು. ಮೊದಲು ಪಾದ. ಯಾರೋ ಒಳಗಿನಿಂದ ದಾರ ಬಿಟ್ಟ ಹಾಗೆ ಎಡಗಾಲು ಹೊರಗೆ ವಾಲಿತು. ಆಮೇಲೆ ಬಲಗಾಲಿನ ಬೆರಳುಗಳು ಒಂದೊಂದಾಗಿ ಸಡಿಲಾದವು, ಕಿರುಬೆರಳೂ. ಕೈಯಲ್ಲಿ ಹೂವಿನ ಗಂಟು ಅರ್ಧ ಬಿಗಿದು ನಿಂತಿತು. ಕಣ್ಣು ತೆರೆದೇ ಇತ್ತು, ಆದರೆ ಯಾವುದನ್ನೂ ನೋಡುತ್ತಿರಲಿಲ್ಲ. ಹುಡುಗಿ 'ಅಜ್ಜಿ' ಎನ್ನಬೇಕಿತ್ತು. ಮಡಿಸುತ್ತಿದ್ದ ಬಟ್ಟೆ ಹಿಡಿದು ಪಾದವನ್ನೇ ನೋಡುತ್ತ ನಿಂತಳು.

ಯಾರೂ ಕಟ್ ಹೇಳಲಿಲ್ಲ. ನಾನೇ ಹೇಳಬೇಡಿ ಎಂದಿದ್ದೆನಲ್ಲ.

ಅವಳು ನಗಲಿಲ್ಲ. ಎದೆ ಏರಿಳಿಯುವುದು ಕಾಣುತ್ತಿರಲಿಲ್ಲ. ಲೈಟುಗಳ ಗುಂಯ್‌ಗುಡುವ ಸದ್ದು ಬಿಟ್ಟರೆ ಮನೆಯೆಲ್ಲ ನಿಶ್ಶಬ್ದ. ಅಮ್ಮ ಹೋದ ದಿನ ಅವಳ ಪಾದ ಹೀಗೇ ಇತ್ತು ಎಂದು ನೆನಪಾದದ್ದೇ, ನಾನು ಕ್ಯಾಮೆರಾದ ಹಿಂದಿನಿಂದ, ಆರು ವರ್ಷದವನ ದನಿಯಲ್ಲಿ, 'ದೊಡ್ಡಮ್ಮಾ, ನಗೇ' ಎಂದುಬಿಟ್ಟೆ.

ಕಣ್ಣಿನೊಳಕ್ಕೆ ನೋಟ ಮರಳಿತು. ಕ್ಯಾಮೆರಾ ಕಡೆ ತಿರುಗಿ ನಕ್ಕಳು. ಶಕುನಕ್ಕೆಂದು ತೋರಿಸುವ ಹಲ್ಲಲ್ಲ ಅದು. ಬಹಳ ದಿನ ಕೇಳಿದ ಆಟಿಕೆ ಕೊನೆಗೂ ಕೈಗೆ ಬಂದ ಮಗುವಿನ ನಗು.

'ಕಟ್' ಎಂದರು ಡೈರೆಕ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡಮ್ಮ ಯಾರ ಕಡೆಯೂ ನೋಡದೆ ನನ್ನನ್ನು ಕೇಳಿದಳು: 'ಕಾಲು ಹೇಗಿತ್ತೋ?'

ಆ ಕಂತು ಪ್ರಸಾರವಾದ ಸಂಜೆ ನಾವು ರಿಚರ್ಡ್ಸ್ ಟೌನಿನಲ್ಲಿ ಸೇರಿದೆವು. ನನ್ನ ಹೆಂಡತಿ ಕೋಸಂಬರಿ ಮಾಡಿ ತಂದಿದ್ದಳು. ಸಾವಿಗೆ ಏನು ತರಬೇಕೆಂದು ಅವಳಿಗೂ ಗೊತ್ತಾಗಿರಲಿಲ್ಲ. ಯಾದಗಿರಿಯ ಹೆಂಗಸು ರೈಲು ತಪ್ಪಿದರೂ ಸರಿಯೆಂದು ಉಳಿದಿದ್ದಳು. ಕರೆಂಟು ಹೋದರೆ ಎಂದು ನಾನು ಪಕ್ಕದ ಮನೆಯ ಇನ್ವರ್ಟರಿನ ವಿಚಾರವನ್ನೂ ಮಾತಾಡಿಟ್ಟಿದ್ದೆ.

ಕರೆಂಟು ಹೋಗಲಿಲ್ಲ. ಪಾದಗಳು ಬಂದವು, ತೆರೆಯ ತುಂಬ. ದೊಡ್ಡಮ್ಮ ತನ್ನ ಕಾಲನ್ನು ತಾನೇ ನೋಡುತ್ತ ಕುರ್ಚಿಯ ತುದಿಗೆ ಬಂದಿದ್ದಳು. ಕೈ ನಿಂತಿತು, ಕಣ್ಣು ನಿಂತಿತು. ಸೊಸೆಯ ಮುಖ, ಮಗನ ಮುಖ, ಮೊಮ್ಮಗನ ಮುಖ, ಸಿಡಿಲು. ನನ್ನ ಹೆಂಡತಿ ಕಣ್ಣೊರೆಸಿಕೊಂಡಳು. ಯಾದಗಿರಿಯವಳು ಬಾಯಿಗೆ ಸೆರಗು ಹಿಡಿದಿದ್ದಳು. ಮತ್ತೆ ದೊಡ್ಡಮ್ಮನ ಮುಖ ಬಂತು. ನನ್ನ ದನಿ ಇರಬೇಕಾದ ಜಾಗದಲ್ಲಿ ಕೊಳಲು ನುಡಿಯಿತು. ಆಮೇಲೆ ಸತ್ತ ಅಜ್ಜಿ ಕಣ್ಣು ತಿರುಗಿಸಿ, ನಾಡಿನ ಮನೆಮನೆಯೊಳಕ್ಕೆ ನೋಡಿ, ನಕ್ಕಳು. ಆ ನಗುವಿನ ಮೇಲೆ ಕಂತು ನಿಂತಿತು.

'ಸತ್ತಿಲ್ರೀ' ಎಂದಳು ಯಾದಗಿರಿಯವಳು, ಸೆರಗು ಇಳಿಸಿ. 'ನಾಟಕಾ ಮಾಡ್ಯಾಳ ಮುದುಕಿ.'

ನಮ್ಮ ಫೋನುಗಳೆಲ್ಲ ಒಟ್ಟಿಗೇ ಹೊಡೆದುಕೊಳ್ಳತೊಡಗಿದವು. ಎಲ್ಲರೂ ನಗುವಿನ ಬಗ್ಗೆಯೇ ಕೇಳುತ್ತಿದ್ದರು. ಪಾದದ ಬಗ್ಗೆ ಒಬ್ಬರೂ ಕೇಳಲಿಲ್ಲ.

ಮರುದಿನ ಡೈರೆಕ್ಟರು ವಿವರಿಸಿದರು. ಎಡಿಟಿಂಗ್ ಮಾಡಿದವನು ಬೇರೆ ಕಡೆ ಕೂತವನು. ಕಟ್ ಹೇಳುವ ತನಕ ಎಲ್ಲ ದೃಶ್ಯವೇ ಎಂದುಕೊಂಡ. ಅವನ ತಪ್ಪೇನು? 'ಆದ್ರೆ ಚಾನೆಲ್‌ನವರು ಭಾರಿ ಖುಷಿಯಾಗಿದಾರೆ ಸರ್. ಆಸ್ತಿಗೋಸ್ಕರ ಯಾರ್ಯಾರು ಕಾಯ್ತಿದಾರೆ ಅಂತ ಪರೀಕ್ಷೆ ಮಾಡೋಕೆ ಅಜ್ಜಿ ಸತ್ತಂಗೆ ಮಾಡಿದ್ರು ಅಂತ ಕಥೆ ತಿರುಗಿಸಿದೀವಿ. ಸೋಮವಾರ ಅಮ್ಮನ ಡೇಟ್ ಬೇಕು. ಇನ್ನು ಅಜ್ಜೀನ ಸಾಯಿಸೋ ಮಾತೇ ಇಲ್ಲ.'

ನಾನು ಅದನ್ನು ಹಾಗೆಯೇ ದೊಡ್ಡಮ್ಮನಿಗೆ ಹೇಳಿದೆ. ಅವಳು ತನ್ನ ಪಾದಗಳನ್ನು ನೋಡಿಕೊಂಡಳು.

'ಇದೊಂದು ಕೊಟ್ಟಿದ್ರು' ಎಂದಳು. 'ಅದನ್ನೂ ವಾಪಸ್ ತಗೊಂಡ್ರಾ.'

ಸೋಮವಾರ ಶೂಟಿಂಗ್ ಮನೆಯ ಬಾಗಿಲಲ್ಲಿ ನಾನು ಫ್ಲಾಸ್ಕು ಹಿಡಿದು ಅವಳ ಹಿಂದೆ ಹೊರಟಾಗ ತಿರುಗಿ ನಿಂತಳು. 'ನೀನು ಇಲ್ಲೇ ಇರು. ಒಳಗೆ ಬರ್ಬೇಡ.' ಒಳಗೆ ಅವಳು ಡೈರೆಕ್ಟರಿಗೆ ಹೇಳುತ್ತಿದ್ದುದು ಕಿಟಕಿಯಿಂದ ಕೇಳಿಸಿತು: 'ಎಚ್ಚರ ಆಗೋದು ಕಾಲಿಂದ ಶುರುವಾಗ್ಬೇಕಪ್ಪಾ. ಕಿರುಬೆರಳಿಂದ. ಕ್ಯಾಮೆರಾ ಅಲ್ಲೇ ಇಡಿ. ಈ ಸಲ ನಾನು ನಗಲ್ಲ.'

ನಗದಿದ್ದರೆ? ಸತ್ತು ಎದ್ದವರಿಗೂ ಆ ಪದ್ಧತಿ ಇದೆಯೇ, ಇಲ್ಲವೇ? ಕೇಳಲು ಹಳಬರು ಯಾರೂ ಉಳಿದಿಲ್ಲ. ಜನರೇಟರಿನ ಪಕ್ಕದಲ್ಲಿ ನಿಂತು ನಾನು ಕಟ್ ಎನ್ನುವುದನ್ನೇ ಕಾಯುತ್ತಿದ್ದೆ.